ಟ್ರಂಕಿನ ಮುಚ್ಚಳದ ಪಟ್ಟಿ

ಉದಕಮಂಡಲ
9-5-1938

ತಾಯಿಯಂಥ ಅಕ್ಕ ಗುರುಶಾಂತಮ್ಮನಿಗೆ ತಮ್ಮ ಹಾಲಸ್ವಾಮಿಯ ಶರಣುಗಳು.

ನಾನು ಇಲ್ಲಿ ಕ್ಷೇಮ. ಹಾಗೆಂದು ಬರೆಯಲು ಕೈ ನಾಚುತ್ತಿದೆ. ಊಟಿಗೆ ಬಂದು ಹನ್ನೊಂದು ದಿನವಾಯಿತು. ಮುಟ್ಟಿದ ದಿನವೇ ಕಾಗದ ಹಾಕುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ತಪ್ಪಾಯಿತು. ಮದ್ದಿಕೇರದಲ್ಲಿ ಅಪ್ಪ, ಅವ್ವ ಹೇಗಿದ್ದಾರೆ? ನಿನ್ನ ಸಂಜೆಯ ಜ್ವರ ಎಷ್ಟಿದೆ? ಥರ್ಮಾಮೀಟರ್ ನೋಡುವುದನ್ನು ಅಪ್ಪನಿಗೆ ಕಲಿಸಿದೆಯಾ? ಪಾದರಸದ ಗೆರೆ ಕಾಣದಿದ್ದರೆ ಬೆಳಕಿಗೆ ಹಿಡಿದು ಸ್ವಲ್ಪ ಹೊರಳಿಸಬೇಕು. ಹೆದರಿ ಝಾಡಿಸಬೇಡಿ.

ಇಲ್ಲಿಯ ಕೆರೆ ಹೇಗಿದೆಯೆಂದು ಬರೆ ಎಂದು ನೀನು ಹೇಳಿದ್ದೆ. ಬರೆಯುವುದಿಲ್ಲ. ನಾನು ಕೆರೆ ನೋಡಿಲ್ಲ. ನಮ್ಮ ಬಾಡಿಗೆ ಮನೆ ಅದರ ದಂಡೆಯಲ್ಲೇ ಇದೆ. ನಾನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂಡುತ್ತೇನೆ. ನೀನಿಲ್ಲದೆ ಅದನ್ನು ನೋಡಿದರೆ ನಾನೂ ಇವರಲ್ಲಿ ಒಬ್ಬನಾಗುತ್ತೇನೆ.

ಇವರು! ನಿನ್ನ ಅತ್ತೆ ಮಹಾಂತಮ್ಮನವರು ಆದೋನಿಯಿಂದ ಒಂದು ಕೊಡ ಬಾವಿ ನೀರು ತಂದಿದ್ದಾರಲ್ಲ, ಬಾಯಿಗೆ ಬಟ್ಟೆ ಕಟ್ಟಿ? ಗುಂತಕಲ್ಲಿನಲ್ಲೇ ಅರ್ಧ ಚೆಲ್ಲಿತು. ಉಳಿದ ಅರ್ಧವನ್ನು, ಕಣ್ಣೆದುರಿಗೆ ಇಷ್ಟು ದೊಡ್ಡ ಕೆರೆ ಇಟ್ಟುಕೊಂಡು, ಔಷಧಿಯಂತೆ ಗುಟುಕು ಗುಟುಕಾಗಿ ಕುಡಿದರು. "ನೀರು ಬದ್ಲಾದ್ರ ಎದಿ ಹಿಡಿತೈತಪಾ" ಎಂದರು. ಎದೆಯ ಮಾತು ಅವರ ಬಾಯಲ್ಲಿ! ನಿನ್ನ ನಾದಿನಿ ವೀರಬಸಮ್ಮ ದಿನವೂ ಹಾಕುತ್ತಿದ್ದುದು ಯಾವ ಸ್ವೆಟರ್ ಗೊತ್ತೇ? ನಿನಗೆಂದು ನಾನು ಮದರಾಸಿನಿಂದ ತಂದ ನೀಲಿಯದು. ಕೇಳಿದರೆ ಅತ್ತೆಯ ಉತ್ತರ: "ಹೊಸಾದು ಐತೋ. ಆಕಿ ಮೈಗಿ ಹತ್ತಿಲ್ಲ." ನಿನ್ನ ಕೆಮ್ಮಿಗೆ ಹೆದರಿದವರು ನಿನ್ನ ಸ್ವೆಟರಿಗೆ ಹೆದರಲಿಲ್ಲ. ನಿನ್ನ ಟ್ರಂಕಿಗೂ ಹೆದರಲಿಲ್ಲ. ಅದು ಇಲ್ಲೇ ಇದೆ, ಅವಳ ಮಂಚದ ಕೆಳಗೆ.

ಹೊರಡುವ ದಿನ ನೀನು ಅಡುಗೆಮನೆಯಲ್ಲಿ ರೊಟ್ಟಿ ಕಟ್ಟುತ್ತಿದ್ದೆ. ಕರೆದಾಗ ಮಾತ್ರ ಹೊರಗೆ ಬಂದೆ. ಅದಕ್ಕೆ ಮುಂಚೆ ಪಡಸಾಲೆಯಲ್ಲಿ ಆದದ್ದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತೇನೆ.

ಈ ಪ್ರವಾಸ ಯಾರಿಗಾಗಿ ಎಂಬುದು ನಮ್ಮ ಮೂವರಿಗೇ ಗೊತ್ತಿತ್ತು: ನಿನಗೆ, ಭಾವನಿಗೆ, ನನಗೆ. ನಿನ್ನ ಎದೆಯಲ್ಲಿ ಕಲೆ ಈಗಷ್ಟೇ ಎದ್ದಿದೆ, ಎರಡು ತಿಂಗಳು ಬೆಟ್ಟದ ಹವೆ ಸಿಕ್ಕರೆ ಮಾಯುತ್ತದೆ, ತಡಮಾಡಬೇಡಿ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಅತ್ತೆಗೆ ಗೊತ್ತಾದರೆ ಮುಗಿಯಿತೆಂದು ಭಾವನೇ ಉಪಾಯ ಹೂಡಿದರು: ಎಲ್ಲರೂ ಕೂಡಿ ಊಟಿಗೆ ಮೋಜಿಗೆ ಹೋಗುವುದು, ಇಂಗ್ಲಿಷ್ ಮಾತಾಡಲು ನಾನು. ನಿನ್ನ ಟ್ರಂಕು ಕಟ್ಟುವ ಕೆಲಸವೂ ನನ್ನದೇ ಆಯಿತು. ಹತ್ತನೆಯ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನು, ಟ್ರಂಕು ಕಟ್ಟುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಔಷಧಿ, ಥರ್ಮಾಮೀಟರ್, ಬಟ್ಟಲು ಎಲ್ಲವನ್ನೂ ತಳದಲ್ಲಿ ಕಂಬಳಿಯೊಳಗೆ ಸುತ್ತಿಟ್ಟೆ. ದೇವರಾಣೆಗೂ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ, ಯಾವ ಯೋಚನೆಯೂ ಇಲ್ಲದೆ, ವಾರ್ಡನ್ ಕಲಿಸಿದಂತೆ ಸಾಮಾನಿನ ಪಟ್ಟಿ ಬರೆದು ಮುಚ್ಚಳದ ಒಳಮೈಗೆ ಮೈದಾ ಅಂಟು ಹಚ್ಚಿ ಅಂಟಿಸಿದೆ. ಒಂದೂ ಬಿಡದೆ. ಅಚ್ಚಿನಂಥ ಅಕ್ಷರದಲ್ಲಿ.

ಆ ಮನೆಯ ಪದ್ಧತಿ ನಿನಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ದೂರದ ಪಯಣವೆಂದರೆ ಪೆಟ್ಟಿಗೆಗಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ತೆರೆದಿಟ್ಟು, ಹಿರಿಯಳು ಪ್ರತಿ ಮುಚ್ಚಳದ ಒಳಗೆ ವಿಭೂತಿ ಹಚ್ಚಬೇಕು. ಅತ್ತೆ ನಾಲ್ಕನೆಯದಕ್ಕೆ, ನಿನ್ನ ಟ್ರಂಕಿಗೆ ಬಂದರು, ಮೂರು ಬೆರಳು ಎತ್ತಿದವರು ಹಾಗೇ ನಿಂತರು.

"ಏನಪಾ ಹಾಲಸ್ವಾಮಿ, ಟ್ರಂಕಿಗೂ ಸಾಲಿ ಕಲಿಸೀಯೇನು? ಏ ವೀರೀ, ಓದೇ, ನಾವೂ ಕೇಳೋಣು."

ವೀರಬಸಮ್ಮ ನಾಲ್ಕನೆಯ ತರಗತಿಯ ಪಾಠದ ರಾಗದಲ್ಲಿ ಶುರುಮಾಡಿದಳು. "ಸ್ವೆಟರ್ ಎಲ್ಡು. ಕಾಲುಚೀಲ ನಾಕು ಜೊತಿ. ಹಣಿಗಿ ಒಂದು. ಯವ್ವಾ, ಹಣಿಗಿ ಸೈತ ಬರದಾನ! ಹೇನು ಎಷ್ಟು ಅಂತ ಬರದಿಲ್ಲೇನೋ?" ಎಲ್ಲರೂ ನಕ್ಕರು. ಭಾವನೂ ನಕ್ಕರು. ನಾನೂ ನಕ್ಕೆ ಅಕ್ಕಾ, ಅದೇ ಹೊತ್ತಿಗೆ ನನಗೆ ಕೆಳಗಿನ ಸಾಲುಗಳು ನೆನಪಾದವು. ಅವಳು ನಗುತ್ತಲೇ ಓದಿದಳು: "ಎದಿ ಔಷಧಿ, ಸೀಸೆ ಎಲ್ಡು. ಥರ್ಮಾಮೀಟರ್ ಒಂದು. ಮುಚ್ಚಳ ಇದ್ದ ಉಗುಳುಬಟ್ಟಲು ಒಂದು."

"ಯಾರ ಎದಿಗೆ?" ಎಂದರು ಅತ್ತೆ.

ಅವರು ಭಾವನ ಮುಖ ನೋಡಿದರು. ಭಾವ ಗಡಿಯಾರ ನೋಡಿಕೊಂಡರು. "ರೈಲಿಗೆ ಹೊತ್ತಾತು" ಎಂದರು. ಗುರುಹಿರಿಯರ ಎದುರು ನಿನ್ನ ಕೈ ಹಿಡಿದವರ ಬಾಯಿಂದ ಅಂದು ಬಂದ ಮಾತು ಅಷ್ಟೇ. ಆಗ ನಿನ್ನನ್ನು ಕರೆದರು.

ಮುಂದಿನದು ನಿನ್ನ ಎದುರಿಗೇ ಆಯಿತು. "ಕಾರುಣ್ವಿ ಹಬ್ಬ ಆದ ಮ್ಯಾಗ ಎಮ್ಮಿಗನೂರಿನೋರು ಹೆಣ್ಣು ನೋಡಾಕ ಬರ್ತಾರ. ಈ ಮನ್ಯಾಗ ಕೆಮ್ಮು ಐತಂತ ಊರಿಗೆಲ್ಲಾ ಡಂಗುರ ಹೊಡೀಲೇನು? ನನ್ನ ಮಗಳನ್ನ ನಿನ್ನ ಸಂಗಾಟ ಮಲಗಿಸಲೇನು? ಪೋನೀ ಬಿಡು, ತವರಿಗಿ ನಡಿ." ನೀನು "ಆತ್ರಿ ಅತ್ತಿ" ಅಂದೆ. ಅಷ್ಟೇ! ಅಕ್ಕಾ, ನಿನ್ನ ಮೇಲೂ ನನಗೆ ಸಿಟ್ಟಿದೆ. ಒಂದು ಸಲವಾದರೂ ಕೂಗಬಾರದಿತ್ತೇ? ಪಟ್ಟಿ ಯಾರು ಬರೆದದ್ದೆಂದು ಕೂಡ ನೀನು ಕೇಳಲಿಲ್ಲ. ಸೀಸೆಗಳನ್ನೂ ಥರ್ಮಾಮೀಟರನ್ನೂ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಹತ್ತಿರ ಬಂದೆ. "ನೀನು ಹೋಗು ತಮ್ಮಾ. ಅಷ್ಟು ನೀರು ಒಂದೇ ಕಡಿ ನಿಂತಿದ್ದು ನಾ ನೋಡಿಲ್ಲ. ಹೆಂಗೈತಿ ಬರಿ" ಅಂದೆ.

ಮೊನ್ನೆ ದೋಣಿಕಟ್ಟೆಯಲ್ಲಿ ಭಾವನನ್ನು ಹಿಡಿದು ನಿಲ್ಲಿಸಿದೆ. "ಅಕ್ಕನ್ನ ಕರ್ಸ್ರಿ. ಬ್ಯಾರೆ ಖೋಲಿ ಹಿಡಿಯೋಣು. ನಾ ನೋಡ್ಕೊಂತೀನಿ."

"ಬರೋ ವರ್ಸ ನೋಡೋಣು ಬಿಡೋ. ಅವ್ವಗ ಯಾರು ಹೇಳ್ಬೇಕು?"

"ನೀವು ಹೇಳ್ಬೇಕು."

"ನಿನಗ ಮದಿವಿ ಆಗಿಲ್ಲ. ತಿಳಿಯಂಗಿಲ್ಲ."

ಇಂಥವರಿಗೆ ಇಂಗ್ಲಿಷಿನಲ್ಲಿ ಒಂದು ಪದವಿದೆ ಅಕ್ಕಾ, ನಿನಗೆ ಅದು ಬೇಡ. ಮುಂದಿನ ವರ್ಷವಂತೆ! ಡಾಕ್ಟರು ಹೇಳಿದ್ದು ಈ ಬೇಸಿಗೆ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ. ಇಂಗ್ಲಿಷಿಗೆ ಅವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ. ಟ್ರಂಕು ನನ್ನ ಜೊತೆಗೆ ಬರುತ್ತದೆ, ಸ್ವೆಟರೂ ಬರುತ್ತದೆ. ಕೇಳಿದಾಗ ವೀರಬಸಮ್ಮ ತಾನೇ ಬಿಚ್ಚಿ ಕೊಟ್ಟು ಅತ್ತಳು, ಅವಳನ್ನು ಬೈಯಬೇಡ. ಮದನಪಲ್ಲಿಯ ಹತ್ತಿರ ಎದೆರೋಗದ ಆಸ್ಪತ್ರೆ ಇದೆಯಲ್ಲ, ಅಲ್ಲಿಗೆ ಬರೆದಿದ್ದೇನೆ. ಮಂಚ ಖಾಲಿಯಾದರೆ ತಿಳಿಸುತ್ತಾರೆ. ಅಪ್ಪನಿಗೆ ಹೇಳಿಡು. ನನ್ನ ಇಂಟರ್ ಮೊದಲ ವರ್ಷದ ಫಲಿತಾಂಶ ಏನಾದರೂ ಆಗಲಿ, ನಿನ್ನನ್ನು ಅಲ್ಲಿ ಸೇರಿಸಿದ ಮೇಲೆಯೇ ಮದರಾಸು. ಮೊಟ್ಟೆ ಬೇಡವೆನ್ನುವವಳು ಹಾಲನ್ನಾದರೂ ಬಿಡಬೇಡ. ಅಪ್ಪ, ಅವ್ವನಿಗೆ ಶರಣು. ನಿನ್ನ ಆಶೀರ್ವಾದ ಕೇಳಲು ಮುಖವಿಲ್ಲ. ಆದರೂ ಕೇಳುತ್ತೇನೆ.

ನಿನ್ನ ತಮ್ಮ
ಹಾಲಸ್ವಾಮಿ

ತಾಜಾ ಕಲಂ: ಇಲ್ಲಿಂದ ಮುಂದಿನದನ್ನು ಅಪ್ಪನ ಕೈಲಿ ಓದಿಸಬೇಡ. ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ನೀನೇ ಓದು.

ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೀಳುತ್ತಿದ್ದೇನೆ. ಕೆಳಗಿನ ಮೂರು ಸಾಲು ಏಳುತ್ತಿಲ್ಲ.

ಅತ್ತೆ "ಯಾರ ಎದಿಗೆ?" ಎಂದಾಗ ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. "ನನ್ನ ಎದಿಗೆ. ಹಾಸ್ಟೆಲಿನಾಗ ಕೆಮ್ಮು ಹತ್ತಿತ್ತು. ನನ್ನ ಟ್ರಂಕಿನಾಗ ಜಾಗ ಇರ್ಲಿಲ್ಲ." ಅವರು ನಂಬುತ್ತಿದ್ದರು. ನನ್ನನ್ನು ಬಿಟ್ಟು ನಿನ್ನನ್ನು ಕರೆದುಕೊಂಡು ಬರುತ್ತಿದ್ದರು. ಭಾವ ಗಡಿಯಾರ ನೋಡುತ್ತಿದ್ದಷ್ಟು ಹೊತ್ತೂ ಆ ಮಾತು ನಾಲಿಗೆಯ ಮೇಲಿತ್ತು. ನಾನು ನುಂಗಿದೆ. ಹೆದರಿಕೆಯಿಂದಲ್ಲ ಅಕ್ಕಾ. ನನಗೆ ಊಟಿಯ ಕೆರೆ ನೋಡಬೇಕಾಗಿತ್ತು.

ನೋಡಿಲ್ಲವೆಂದು ಮೇಲೆ ಬರೆದದ್ದು ಸುಳ್ಳು. ಬಂದ ಸಂಜೆಯೇ, ಟ್ರಂಕು ಇಳಿಸುವ ಮೊದಲೇ, ಓಡಿಹೋಗಿ ನೋಡಿದೆ.

ತುಂಬಾ ಚೆನ್ನಾಗಿದೆ.