ನಾಲ್ಕು ಜೋಡಿ, ಒಂದೇ ಮುದ್ರೆ

ಕರಾವಳಿ ಕಾಮಗಾರಿ ವಿಭಾಗದ ಮುಖ್ಯಸ್ಥರೇ,

ಬರುವ ಹುಣ್ಣಿಮೆಯ ಉಬ್ಬರಕ್ಕೆ ಮೊದಲೇ ನಮ್ಮ ಕೊಲ್ಲಿಯ ಮರಳಿನ ಮೇಲೆ ತಡೆಗೋಡೆಗಾಗಿ ಕಾಂಕ್ರೀಟು ಸುರಿಯಲು ಅಪ್ಪಣೆ ಕೊಟ್ಟಿದ್ದೀರಿ. ಕಾರಣವನ್ನೂ ಫಲಕದಲ್ಲಿ ಸೌಜನ್ಯದಿಂದ ತಿಳಿಸಿದ್ದೀರಿ: ಈ ಬೇಸಿಗೆಯಲ್ಲಿ ಲಾಳದೇಡಿಗಳು ಇಲ್ಲಿ ಮೊಟ್ಟೆಯಿಡಲು ಬಂದಿಲ್ಲ. ಬಂದಿವೆ. ನಾಲ್ಕು ಜೋಡಿ. ಅವುಗಳ ಮೊಟ್ಟೆ ಈಗಲೂ ಆ ಮರಳಿನೊಳಗಿದೆ. ತೊಂದರೆಯೆಂದರೆ, ಅದನ್ನು ನಾನೊಬ್ಬನೇ ನೋಡಿದ್ದು.

ಕುದುರೆಯ ಲಾಳದಂಥ ಚಿಪ್ಪಿನ ಈ ಪ್ರಾಣಿ ದಡಕ್ಕೆ ಒಂಟಿಯಾಗಿ ಬರುವುದಿಲ್ಲ. ಹೆಣ್ಣಿನ ಬೆನ್ನನ್ನು ಗಂಡು ಹಿಡಿದಿರುತ್ತದೆ. ಅವು ಮರಳು ಕೆದಕಿದಾಗ ಗಾಳಿ ಮೇಲೆದ್ದು ನೀರಿನ ಮೇಲೆ ನೊರೆಯ ಗೆರೆ ಮೂಡುತ್ತದೆ. ಸ್ವಯಂಸೇವಕರಾದ ನಾವು ನೀರಿಗಿಳಿಯದೆ ಒಡ್ಡಿನ ಮೇಲೆ ನಿಂತು ನೊರೆಯನ್ನು ಎಣಿಸುತ್ತೇವೆ. ನೋಡುವವರು ಇಬ್ಬರಿರಬೇಕು, ವರದಿಯ ಮೇಲೆ ಸಹಿಯಾಗಿ ಇಬ್ಬರ ಹೆಸರಿನ ಮುದ್ರೆಯೂ ಬೀಳಬೇಕು ಎಂಬುದು ನಿಮ್ಮ ಕಚೇರಿಯ ನಿಯಮ. ನಿಯಮ ಒಳ್ಳೆಯದೇ. ಒಂಟಿ ಕಣ್ಣು ತನಗೆ ಬೇಕಾದುದನ್ನೇ ಕಾಣುತ್ತದೆ. ನನ್ನ ಜೊತೆ ಪ್ರತಿ ಬೇಸಿಗೆಯೂ ನಿಲ್ಲುತ್ತಿದ್ದವರು ಒಣಮೀನು ಮಾರುವ ತೊಮಿನಾಗ ಕಿಯೊ. "ಮಿಜೋಕಾಮಿ ಸಾನ್, ನೀವು ನೋಡ್ತಿರೋದು ನೊರೇನಲ್ಲ, ನಿಮ್ಮ ಯೋಚನೇನ. ಅದನ್ನ ಎಣಿಸ್ಬೇಡಿ," ಎಂದು ಛೇಡಿಸುತ್ತಿದ್ದರು.

ಈ ಸಲ ಅವರು ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ನಾನು ಒಬ್ಬನೇ ಹೋದೆ. ನೋಡಿದೆ. ನಿಮ್ಮ ಕಚೇರಿಗೆ ಫೋನು ಮಾಡಿದೆ.

"ಒಬ್ರೇ ನೋಡಿದ್ರೆ ಅದನ್ನ ವೀಕ್ಷಣೆ ಅನ್ನೋಕಾಗಲ್ಲ ಸಾರ್," ಎಂದರು ನಿಮ್ಮ ಸಿಬ್ಬಂದಿ.

"ಮತ್ತೇನಂತೀರಿ?"

"ಅದಕ್ಕೆ ನಮ್ಮಲ್ಲಿ ಹೆಸರಿಲ್ಲ."

ಹೆಸರಿಲ್ಲದ ನೋಟ ನಿಮ್ಮ ಮೇಜು ತಲುಪುವಷ್ಟರಲ್ಲಿ ಏಡಿಗಳೇ ಇಲ್ಲವೆಂದಾಯಿತು. ಹಾಗಾದರೆ, ಮಾನ್ಯರೇ, ನೀವು ಒಬ್ಬರೇ ಕೂತು ಉಂಡ ದಿನವನ್ನು ಉಪವಾಸವೆಂದು ಬರೆದುಕೊಳ್ಳೋಣವೇ?

ಆಸ್ಪತ್ರೆಯಲ್ಲಿ ಕಿಯೊ ಕೇಳಿದ್ದು ಒಂದೇ: "ಬಂದ್ವಾ?"

"ನಾಲ್ಕು ಜೋಡಿ."

"ಹಾಗಾದ್ರೆ ನಾನೂ ನೋಡಿದೆ ಬಿಡಿ." ದಿಂಬಿನ ಪಕ್ಕದ ಚೀಲದಿಂದ ತಮ್ಮ ಮುದ್ರೆ ತೆಗೆದು ನನ್ನ ಕೈಗಿಟ್ಟರು. "ಒತ್ಕೊಳ್ಳಿ."

"ನೀವು ಅಲ್ಲಿರ್ಲಿಲ್ವಲ್ಲ."

"ಏಡಿಗಳು ಇದ್ವಲ್ಲ. ಸಾಕು."

ಮುದ್ರೆಯನ್ನು ಮನೆಗೆ ತಂದೆ. ಶಾಯಿಯ ಡಬ್ಬಿಯನ್ನೂ ತೆರೆದೆ. ಒತ್ತಲಿಲ್ಲ. ನಿಮ್ಮ ನಿಯಮವನ್ನು ನಿಮಗಿಂತ ಹೆಚ್ಚು ನಂಬಿದ ಮನುಷ್ಯ ನಾನು. ನಿಮಗೆ ಇಂಥ ನಾಗರಿಕರು ಸುಲಭವಾಗಿ ಸಿಗಲಾರರು. ದಡದಲ್ಲಿ ನಿಮ್ಮ ಫಲಕ ಎದ್ದ ಮೇಲೆ, ಒತ್ತಲಿಲ್ಲವೆಂದು ಕಿಯೊಗೆ ತಿಳಿಸಿದೆ. "ಕೈ ಶುದ್ಧವಾಗಿದೆ ನಿಮ್ದು. ಹಾಗೇ ಇಟ್ಕೊಳ್ಳಿ," ಎಂದು ಗೋಡೆಯ ಕಡೆ ತಿರುಗಿಕೊಂಡರು. ಆ ಬೆನ್ನನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ನನಗೀಗ ಯೋಚಿಸಲಾಗುತ್ತಿಲ್ಲ.

ಚಂಡಮಾರುತ ಬಂದಾಗ ಗೋಡೆ ಬೇಕೆಂದು ನನಗೂ ಗೊತ್ತು. ನನ್ನ ಮನೆಯೂ ಆ ದಡದಲ್ಲೇ ಇದೆ. ಕಟ್ಟಬೇಡಿ ಎನ್ನುವುದಿಲ್ಲ. ಒಂದು ಉಬ್ಬರ ಕಾಯಿರಿ; ಬೇಸಿಗೆಯ ದೊಡ್ಡ ಉಬ್ಬರಗಳಿಗೆ ಅವು ಮತ್ತೆ ಮತ್ತೆ ಬರುತ್ತವೆ. ಹುಣ್ಣಿಮೆಯ ಬೆಳಿಗ್ಗೆ ಒಡ್ಡಿನ ಮೇಲೆ ಬಂದು ನನ್ನ ಪಕ್ಕದಲ್ಲಿ ನಿಲ್ಲಿ. ಮಾತಾಡಬೇಕಾಗಿಲ್ಲ. ನೊರೆ ಏಳದಿದ್ದರೆ ನಿಮ್ಮ ಗೋಡೆಯ ಪರವಾಗಿ ನಾನೇ ಮುದ್ರೆ ಒತ್ತುತ್ತೇನೆ. ಎದ್ದರೆ, ನೋಡಿದ ಎರಡನೆಯವರು ನೀವೇ; ಮುದ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ಬನ್ನಿ.

ಇಂತಿ,
ಈ ಪತ್ರಕ್ಕೂ ಒಂದೇ ಮುದ್ರೆ ಒತ್ತಿ, ಪಕ್ಕದ ಜಾಗ ಖಾಲಿ ಬಿಟ್ಟಿರುವ
ಮಿಜೋಕಾಮಿ