ತೂವಾಳ ಗಿಡದಡಿಯ ತಂತಿ

ಆಲ್ವಾರ್,

ಇಗರ್ಜಿಗೆ ಹೊರಟಿದ್ದೇನೆ. ಬಟಾಣಿ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣು.

ತೋಟದ ದೀಪ ಯಾಕೆ ಹತ್ತುತ್ತಿಲ್ಲವೆಂದು ಗೊತ್ತಾಯಿತು. ಮೂರನೆಯ ಕಂಬದವರೆಗೆ ಕರೆಂಟ್ ಬರುತ್ತದೆ, ನಾಲ್ಕನೆಯದಕ್ಕಿಲ್ಲ. ನಡುವೆ ಇರುವುದು, ನಮ್ಮ ಮಗಳು ತೂವಾಳನ್ನು ಮಣ್ಣು ಮಾಡಿ ಬಂದ ದಿನ ನೀನು ಅವಳ ಹೆಸರಲ್ಲಿ ನೆಟ್ಟ ಸೇಬಿನ ಗಿಡ. ಆವತ್ತು ಗುಂಡಿ ತೋಡುವಾಗ ಗುದ್ದಲಿ ನೆಲದೊಳಗಿನ ತಂತಿಗೆ ತಾಗಿದೆ. ಈ ಉತ್ತರದ ಊರಲ್ಲಿ ಬೇಸಿಗೆಯಿಡೀ ರಾತ್ರಿಯೂ ಕತ್ತಲೇ ಆಗದ್ದರಿಂದ ದೀಪ ಹಾಕಲೇ ಇಲ್ಲ, ನಮಗೆ ತಿಳಿಯಲಿಲ್ಲ.

ಪಕ್ಕದ ಮನೆಯ ಸ್ಟೂರೆ, "ಗಿಡ ಕಿತ್ತು ಆಚೆ ನೆಡ್ರಮ್ಮ, ಹತ್ತು ನಿಮಿಷದ ಕೆಲ್ಸ" ಅಂದ. "ಮಲಗಿರೋಳನ್ನ ಎಬ್ಬಿಸೋದು ಬೇಡ ಬಿಡಪ್ಪ" ಅಂದೆ.

ಹೊಸ ತಂತಿಯನ್ನು ಗಿಡಕ್ಕೆ ತಾಗದಂತೆ ಸುತ್ತು ಹಾಕಿ ಎಳೆಯೋಣ. ತೋಟದ ಲೈನಿನ ಮೇನ್ ಸ್ವಿಚ್ ಆರಿಸಿದ್ದೇನೆ, ಮುಟ್ಟಬೇಡ. ನಾನು ಬರುವವರೆಗೆ ಗುದ್ದಲಿಯನ್ನೂ ಹಿಡಿಯಬೇಡ. ಆವತ್ತು ನಿನ್ನೊಬ್ಬನನ್ನೇ ಅಗೆಯಲು ಬಿಟ್ಟು ನಾನು ಒಳಗೆ ಕೂತಿದ್ದೆ.

ಸಿಗ್ಬ್ರಿತ್