ಮೇಜಿನ ಈ ತುದಿ

ಮಾರ್ಚ್ 3, ಬೆಳಿಗ್ಗೆ 8.40

ಕತ್ತರಿಗೆ ಎಣ್ಣೆ ಬಿಟ್ಟಾಯಿತು. ಮೇಜು ಒರೆಸಿಯಾಯಿತು. ಚಾಕ್‌ಪೀಸ್ ನಾಲ್ಕು, ಬಟ್ಟೆ ಸರಿಯದಂತೆ ಇಡುವ ಕಬ್ಬಿಣದ ತುಂಡು ಆರು. ಎಲ್ಲ ಇದೆ. ಮಾಸ್ಟರ್ ಇಲ್ಲ.

ಅವರ ಗಂಟಲಿನ ಆಪರೇಷನ್ ಆಗಿ ಹತ್ತು ದಿನ. ಧ್ವನಿ ವಾಪಸ್ ಬರುತ್ತದೋ ಇಲ್ಲವೋ, ಡಾಕ್ಟರೂ ಬಾಯಿ ಬಿಡುತ್ತಿಲ್ಲ. "ಅಲ್ಲೀವರೆಗೂ ಕಟಿಂಗ್ ನೀನೇ ನೋಡ್ಕೋ" ಎಂದರು ನಮ್ಮ ಹೊಲಿಗೆ ಅಂಗಡಿಯ ಓನರಮ್ಮ. ತರಕಾರಿ ಹೆಚ್ಚು ಎಂದಷ್ಟು ಸಲೀಸಾಗಿ.

ಹನ್ನೊಂದು ವರ್ಷ ಈ ಮೇಜಿನ ಆ ತುದಿಯಲ್ಲಿ ಬಟ್ಟೆ ಹಿಡಿದು ನಿಂತವಳು ನಾನು. ಕತ್ತರಿ ಹಾಕುವ ಮೊದಲು ಮಾಸ್ಟರ್ ಈ ತುದಿಯಿಂದ ಕೂಗುತ್ತಿದ್ದರು.

"ದಿಕ್ಕು?"

"ಕೆಳಗೆ, ಮಾಸ್ಟರ್."

"ಅಂಚು?"

"ಸರಿ ಇದೆ, ಮಾಸ್ಟರ್."

"ಲೆಕ್ಕ?"

"ನಾಲ್ಕು ಪದರ, ಮಾಸ್ಟರ್."

ಮೂರಕ್ಕೂ ಉತ್ತರ ಬರದೆ ಕತ್ತರಿ ಬಾಯಿ ತೆರೆಯುತ್ತಿರಲಿಲ್ಲ. ಮೇಲೆ ಕೆಳಗೆ ಎಂಬುದೇ ಇಲ್ಲದ ಸಾದಾ ಹತ್ತಿ ಬಟ್ಟೆಗೂ ಅದೇ ಕೂಗು. ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನವಾದರೂ ಸುಮ್ಮನಿರಬಾರದೇ ಈ ಮನುಷ್ಯ ಅನ್ನಿಸಿದ್ದುಂಟು. ಈಗ ಆ ಕೂಗೇ ಬೇಕೆನಿಸುತ್ತದೆ.

ಮಾರ್ಚ್ 6, ಊಟದ ಹೊತ್ತು

ದೊಡ್ಡ ಆರ್ಡರ್. ಒಂದು ಹಾಡುವ ತಂಡಕ್ಕೆ ನಲವತ್ತು ಕೋಟು. ಕಡುಗೆಂಪು ಮಖಮಲ್. ಇಪ್ಪತ್ತೆಂಟಕ್ಕೆ ಕೊಡಬೇಕು, ಇಪ್ಪತ್ತೊಂಬತ್ತಕ್ಕೆ ಅವರು ವೇದಿಕೆ ಹತ್ತುತ್ತಾರೆ.

"ಕಟಿಂಗ್ ಹೊರಗಡೆ ಕೊಡೋಣ್ವಾ?" ಓನರಮ್ಮ ಕೇಳಿದರು.

"ಬೇಡಮ್ಮ. ನಾನು ಮಾಡ್ತೀನಿ."

ಹೇಳಿದ ಮೇಲೆ ನನಗೇ ಆಶ್ಚರ್ಯ. ಇಷ್ಟು ವರ್ಷ "ಆಯ್ತು ಮಾಸ್ಟರ್" ಬಿಟ್ಟರೆ ಈ ಕೋಣೆಯಲ್ಲಿ ನಾನು ಬೇರೇನು ಹೇಳಿದ್ದೇನೆ?

ಮಾರ್ಚ್ 7, ಬೆಳಿಗ್ಗೆ, ಬಸ್‌ನಲ್ಲಿ

ಮನೆಯಲ್ಲಿ ಅಮ್ಮನಿಗೆ ಹೇಳಿದೆ. "ನಲವತ್ತು ಕೋಟಾ? ನಿನ್ನ ಸ್ವೆಟರ್ ಗುಂಡಿ ಬಿದ್ದು ಮೂರು ತಿಂಗಳಾಯ್ತು!" ಗುಂಡಿ ಡಬ್ಬಿಯಲ್ಲೇ ಇದೆ. ನೋಡೋಣ, ಏಪ್ರಿಲ್‌ನಲ್ಲಿ.

(ಇದು ಹೋದ ವರ್ಷದ ಡೈರಿ. ಅಚ್ಚಾದ ವಾರದ ಹೆಸರು ಹೊಂದುವುದಿಲ್ಲ. ಹೊಡೆದು ಹಾಕಿ ಬರೆಯುತ್ತಿದ್ದೇನೆ.)

ಮಾರ್ಚ್ 11, ಸಂಜೆ 5

ಮೂರೇ ದಿನದಲ್ಲಿ ಎಲ್ಲ ಕತ್ತರಿಸಿಯಾಯಿತು! ಆ ತುದಿಯಲ್ಲಿ ರೇಡಿಯೋ ಅಣ್ಣ ಹಿಡಿದರು. ಹೊಲಿಗೆಯವರಲ್ಲಿ ಎಲ್ಲರಿಗಿಂತ ಹಿರಿಯರು, ಮೂರು ಮೊಮ್ಮಕ್ಕಳ ತಾತ, ಬಾಯಿಗೆ ಬೀಗವಿಲ್ಲ. ಅದಕ್ಕೇ ಆ ಹೆಸರು. ಬಟ್ಟೆ ಹಾಸುತ್ತಾ ಹೋದರು, ಮಡಚಿಕೊಂಡು ವಾಪಸ್ ಬಂದರು, ಮತ್ತೆ ಹೋದರು. ಕಥೆ ಹೇಳುತ್ತಲೇ ಇದ್ದರು. ನಾಳೆಯಿಂದ ಹೊಲಿಗೆ.

ಮಾರ್ಚ್ 12, 11.15

ಎಡ ಎದೆಯ ತುಂಡು, ಬಲ ಎದೆಯ ತುಂಡು — ಜೋಡಿಸಿ ಕಿಟಕಿಯ ಹತ್ತಿರ ಹಿಡಿದೆ. ಒಂದು ಕಡುಗೆಂಪು. ಇನ್ನೊಂದು ಹೆಚ್ಚುಕಮ್ಮಿ ಕಪ್ಪು.

ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿದೆ. ಕೆಳಗೆ ಸವರಿದರೆ ನಯ, ಮೇಲೆ ಸವರಿದರೆ ಒರಟು. ತಿರುವುಮುರುವಾದರೆ ಬಣ್ಣವೇ ಬೇರೆ ಕಾಣುತ್ತದೆ. ಅದಕ್ಕೇ ಪ್ರತಿ ಪದರವನ್ನೂ ತುದಿಯಲ್ಲಿ ಕತ್ತರಿಸಿ, ಮತ್ತೆ ಮೊದಲ ತುದಿಯಿಂದಲೇ ಹಾಸಬೇಕು. ನಾನು ಹತ್ತಿ ಬಟ್ಟೆಯ ಹಾಗೆ ಹೋಗುತ್ತಾ ಬರುತ್ತಾ ಮಡಚಿ ಹಾಸಿಸಿದೆ. ಎಡದ ತುಂಡು ಒಂದು ಪದರದಿಂದ, ಬಲದ್ದು ಅದರ ಮೇಲಿನದರಿಂದ; ಪದರ ಬಿಟ್ಟು ಪದರ ತಲೆಕೆಳಗು. ಎಡದ ತುಂಡುಗಳೆಲ್ಲ ಸರಿ, ಬಲದವೆಲ್ಲ ತಪ್ಪು. ನಲವತ್ತು ಕೋಟಿನದ್ದೂ.

ಗೊತ್ತಿಲ್ಲದ ವಿಷಯವಲ್ಲ. ಹನ್ನೊಂದು ವರ್ಷ "ಕೆಳಗೆ, ಮಾಸ್ಟರ್" ಎಂದವಳು! ಕೇಳುವವರಿರಲಿಲ್ಲ, ನಾನು ನೋಡಲೇ ಇಲ್ಲ.

ತುಂಡುಗಳನ್ನು ಚೀಲಕ್ಕೆ ತುಂಬಿ ಮೇಜಿನಡಿ ತಳ್ಳಿದೆ. "ಲೈನಿಂಗ್ ಮೊದಲು ಹೊಲೀರಿ" ಎಂದೆ ಎಲ್ಲರಿಗೂ. ಯಾರೂ ಯಾಕೆ ಎಂದು ಕೇಳಲಿಲ್ಲ. ಮಾಸ್ಟರ್ ಸ್ಥಾನದಲ್ಲಿ ಇದೊಂದು ಅನುಕೂಲ...

ಮಾರ್ಚ್ 14, ಮಧ್ಯಾಹ್ನ 3

ಓನರಮ್ಮನ ಕಾಲಿಗೆ ಚೀಲ ತಗುಲಿತು. ಎಳೆದರು. ಎರಡು ತುಂಡು ತೆಗೆದು ಬೆಳಕಿಗೆ ಹಿಡಿದರು.

"ಇದನ್ನ ಹಾಸಿದ್ದು ಯಾರು?"

"ನಾನೇ" ಎಂದರು ರೇಡಿಯೋ ಅಣ್ಣ, ನಗುತ್ತಾ. ಏನಾಗಿದೆ ಎಂದು ಅವರಿಗೆ ಗೊತ್ತೇ ಇಲ್ಲ.

"ಮಖಮಲ್ ಹೀಗಾ ಹಾಸೋದು? ಮಾತಾಡ್ತಾ ಮಾತಾಡ್ತಾ ನಲವತ್ತು ಕೋಟು ಹಾಳು ಮಾಡಿದ್ರಲ್ಲ!"

ಅಣ್ಣನ ಬಾಯಿ ತೆರೆದೇ ಇತ್ತು. ರೇಡಿಯೋ ಬಂದ್ ಆದದ್ದನ್ನು ಇವತ್ತೇ ನೋಡಿದ್ದು. ಕಿವಿ ಕೆಂಪಾಗಿ, ಕೈಯಲ್ಲಿದ್ದ ಲೈನಿಂಗ್ ಬಟ್ಟೆಯನ್ನು ಸುಮ್ಮನೆ ಮಡಚತೊಡಗಿದರು.

ಇದನ್ನು ಬರೆದಿಡಬೇಕು. ನಾನು ತಕ್ಷಣ ಮಾತಾಡಲಿಲ್ಲ. ಬಚಾವಾದೆ ಅಂದುಕೊಂಡೆ. ನಿಜವಾಗಿ ಅಂದುಕೊಂಡೆ. ಆಮೇಲೆ ಆ ಮಡಚುವ ಕೈ ನೋಡಲಾಗಲಿಲ್ಲ.

"ಅಮ್ಮಾ, ಹಾಗೆ ಹಾಸೋಕೆ ಹೇಳಿದ್ದು ನಾನು. ಕತ್ತರಿಸಿದ್ದೂ ನಾನು. ಮೊನ್ನೆಯಿಂದ ಗೊತ್ತಿತ್ತು. ಮುಚ್ಚಿಟ್ಟಿದ್ದೂ ನಾನೇ."

ಓನರಮ್ಮ ಕನ್ನಡಕ ತೆಗೆದು ಒರೆಸಿದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ಈಗೇನ್ ಮಾಡ್ತೀಯ?"

ಈ ಪ್ರಶ್ನೆಗೆ ತಯಾರಿರಲಿಲ್ಲ. ಆದರೂ ಬಾಯಿ ನಡೆಯಿತು. ಎಡದ ತುಂಡು ಇಟ್ಟುಕೊಳ್ಳೋಣ, ಬಲದ್ದು ಮಾತ್ರ ಮತ್ತೆ ಕತ್ತರಿಸೋಣ, ಅದೇ ಬಣ್ಣದ ಬಟ್ಟೆಗೆ ಮಿಲ್‌ಗೆ ಈಗಲೇ ನಾನೇ ಫೋನ್ ಮಾಡುತ್ತೇನೆ ಎಂದೆ.

"ಮಾಡು. ಆದ್ರೆ ಇಪ್ಪತ್ತೆಂಟಕ್ಕೆ ಕೋಟು ಹೋಗ್ಲಿಲ್ಲಾಂದ್ರೆ ಹೊಸ ಮಾಸ್ಟರ್‌ನ ಕರೆಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

ಬಟ್ಟೆ ಇದೆಯಂತೆ. ಹದಿನೇಳಕ್ಕೆ ಬರುತ್ತದೆ. ಅಣ್ಣನ ಹತ್ತಿರ ಹೋಗಿ ತಪ್ಪಾಯ್ತು ಎಂದೆ. "ಹೋಗ್ಲಿ ಬಿಡಮ್ಮ" ಎಂದರು. ಮಷೀನಿನ ಕಡೆ ತಿರುಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 15, ಸಂಜೆ

ಮಾಸ್ಟರ್ ಮನೆಗೆ ಹೋಗಿದ್ದೆ. ಬಡಕಲಾಗಿದ್ದಾರೆ. ಕುತ್ತಿಗೆಗೆ ಪಟ್ಟಿ, ಮಡಿಲಲ್ಲಿ ಸ್ಲೇಟು. ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಭುಜ ಕುಣಿಯಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ಸದ್ದಿಲ್ಲದೆ ನಗುತ್ತಿದ್ದರು!

ಸ್ಲೇಟಿನ ಮೇಲೆ ಬರೆದರು: ಎಷ್ಟು ದಿನ ಮುಚ್ಚಿಟ್ಟೆ?

"ಎರಡು ದಿನ, ಮಾಸ್ಟರ್."

ಒರೆಸಿ ಬರೆದರು: ಇದೇ ತಪ್ಪು, ನಾನು ಒಂದು ವಾರ. ಆಮೇಲೆ ಶುರು ಮಾಡಿದ್ದು, ಕೂಗೋದು.

ಹಾಗಾದರೆ ಆ ಕೂಗು ನನಗಾಗಿ ಆಗಿರಲಿಲ್ಲ. ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು, ಇಷ್ಟು ವರ್ಷ. ನಾನು ನನಗೆ ಪರೀಕ್ಷೆ ಎಂದುಕೊಂಡಿದ್ದೆ.

ಮಾರ್ಚ್ 17, ಊಟದ ಹೊತ್ತು

ಬಟ್ಟೆ ಬಂತು. ಹಳೆಯ ತುಂಡಿನ ಪಕ್ಕ ಇಟ್ಟು ನೋಡಿದೆ, ಬಣ್ಣ ಒಂದೇ.

"ಅಣ್ಣಾ, ನೀವೇ ಹಿಡೀಬೇಕು. ನಾನು ಕೂಗ್ತೀನಿ, ನೀವು ಹೇಳ್ಬೇಕು. ಹೇಳದಿದ್ರೆ ಕತ್ತರಿ ಹಾಕಲ್ಲ."

"ಮತ್ತೆ ನನ್ನ ತಲೆಗೇ ಕಟ್ಟಲ್ಲ ತಾನೆ?"

"ಕೂಗೋದು ನಾನು. ತಪ್ಪಾದ್ರೂ ನನ್ನದೇ."

ಕೈ ಒರೆಸಿಕೊಂಡು ಬಂದು ಆ ತುದಿ ಹಿಡಿದರು.

"ದಿಕ್ಕು?" ನನ್ನ ದನಿ ನನಗೇ ಅಪರಿಚಿತ. ಹೊಲಿಗೆಯವರೆಲ್ಲ ತಲೆ ಎತ್ತಿದರು. ನಾಚಿಕೆಯಾಯಿತು. ಮೂರನೇ ಸಲ ಬಟ್ಟೆ ಹಾಸುವಷ್ಟರಲ್ಲಿ ನಾಚಿಕೆ ಹೋಗಿತ್ತು. ಆಗಲೇ —

"ದಿಕ್ಕು?"

"ಕೆಳ... ಅಲ್ಲ! ಮೇಲೆ! ಮೇಲೆ, ಮಾಸ್ಟ್ರಮ್ಮಾ!"

ಕತ್ತರಿ ಕೆಳಗಿಟ್ಟೆ. ಒಂದು ಪದರ ತಿರುಗಿತ್ತು. ಬಿಚ್ಚಿ ಮತ್ತೆ ಹಾಸಿದೆವು. ಆಮೇಲೆ ಅಣ್ಣನನ್ನು ಹಿಡಿಯುವವರಿಲ್ಲ, ಉತ್ತರ ಪಕ್ಕದ ಅಂಗಡಿಗೂ ಕೇಳಿಸುತ್ತಿತ್ತು.

ಮಾರ್ಚ್ 28, ಸಂಜೆ 6.10

ಹೋಯಿತು. ನಲವತ್ತೂ. ಕೊನೆಯ ಗುಂಡಿ ನಾಲ್ಕು ಗಂಟೆಗೆ ಹಾಕಿದ್ದು.

"ಊಟ ಮಾಡಿದ್ಯಾ?" ಎಂದರು ಓನರಮ್ಮ. ಮಾಡಿರಲಿಲ್ಲ. ತಮ್ಮ ಡಬ್ಬಿ ಮುಂದೆ ತಳ್ಳಿದರು. ಹೊಸ ಮಾಸ್ಟರ್ ಮಾತು ಎತ್ತಲಿಲ್ಲ.

ಏಪ್ರಿಲ್ 5

ಸ್ವೆಟರ್‌ಗೆ ಗುಂಡಿ ಹಾಕಿದೆ. ಅಮ್ಮ ಎಳೆದು ನೋಡಿದರು. "ಪರವಾಗಿಲ್ಲ" ಎಂದರು.

ಏಪ್ರಿಲ್ 22, ಬೆಳಿಗ್ಗೆ 10.50, ಟೀ ಹೊತ್ತು

ಮಾಸ್ಟರ್ ಬಂದರು! ಹೇಳದೆ ಕೇಳದೆ. ಧ್ವನಿ ಬಂದಿಲ್ಲ. ಬರುವುದೂ ಇಲ್ಲವಂತೆ, ಸ್ಲೇಟಿನಲ್ಲಿ ಬರೆದು ತೋರಿಸಿದರು. ಎಲ್ಲರೂ ಎದ್ದು ನಿಂತೆವು. ನಾನು ಕತ್ತರಿ ಒರೆಸಿ, ಈ ತುದಿ ಬಿಟ್ಟು ಪಕ್ಕಕ್ಕೆ ಸರಿದೆ.

ಅವರು ಈ ಕಡೆ ಬರಲಿಲ್ಲ. ನೆಟ್ಟಗೆ ಆ ತುದಿಗೆ ಹೋಗಿ ಬಟ್ಟೆ ಹಿಡಿದು ನಿಂತರು.

"ಮಾಸ್ಟರ್, ಬೇಡ, ಇಲ್ಲಿ ಬನ್ನಿ..."

ತಲೆ ಅಲ್ಲಾಡಿಸಿದರು. ಕತ್ತರಿಯ ಕಡೆ ಕಣ್ಣಲ್ಲೇ ತೋರಿಸಿದರು.

"ದಿಕ್ಕು?" ಎಂದೆ. ಸಣ್ಣಗೆ ಬಂತು. ಅವರು ಕೈಯನ್ನು ಕಿವಿಯ ಹಿಂದೆ ಹಿಡಿದರು, ಕೇಳಿಸಲಿಲ್ಲ ಎಂಬಂತೆ. ಕಿವಿಗೇನೂ ಆಗಿಲ್ಲ, ಚೆನ್ನಾಗಿ ಗೊತ್ತು ನನಗೆ!

"ದಿಕ್ಕು?"

ಬಟ್ಟೆ ಸವರಿದರು. ಅಂಗೈ ಕೆಳಗೆ ತೋರಿಸಿದರು.

"ಅಂಚು?"

ತಲೆಯಾಡಿಸಿದರು.

"ಲೆಕ್ಕ?"

ನಾಲ್ಕು ಬೆರಳು.

ಕತ್ತರಿ ಹಾಕಿದೆ. ಕಣ್ಣು ಮಂಜಾಗಿತ್ತು, ಆದರೂ ಗೆರೆ ತಪ್ಪಲಿಲ್ಲ.

ಮುಂದಿನ ಹಾಸು ತಯಾರಾಗಿದೆ. ನನ್ನ ಟೀ ಇನ್ನೂ ಅರ್ಧ ಉಳಿದಿದೆ. ಅವರು ಆ ತುದಿಯಿಂದ ಮೇಜು ತಟ್ಟುತ್ತಿದ್ದಾರೆ, ಬೇಗ ಬಾ ಎಂದು. ಬಂದೆ, ಬಂದೆ ಮಾಸ್ಟ—